ಚಾರ್ಟು ಹಿಡಿದವಳು

ಹಲ್ಲಿನ ವೈದ್ಯರ ಕೋಣೆಯ ಹೊರಗೆ, ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ ಬಸ್ ಡ್ರೈವರನಿಗೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಕಿವಿಗೆ ಮಾತ್ರ ಬೇಕಾದಷ್ಟು ಪುರುಸೊತ್ತಿತ್ತು. ಪಕ್ಕದ ಬೆಂಚಿನಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಸೋದರತ್ತೆಗೆ ಒರಗಿಕೊಂಡಿದ್ದಳು.

“ನಂಗೆ ಸೈನ್ಸ್ ಕ್ಲಬ್ ಬೇಡ ಅತ್ತೆ.”

“ಯಾಕೆ ಪುಟ್ಟಿ? ನಿಮ್ಮ ಗುಂಪು ಮಾಡಿದ ಬ್ಯಾಟರಿ ಫ್ಯಾನು ತಿರುಗಲಿಲ್ವಾ?”

“ತಿರುಗ್ತು, ಉಲ್ಟಾ. ಹುಡುಗರು ವೈರು ಅದಲುಬದಲು ಮಾಡಿದ್ರು. ನೋಡಿದ ತಕ್ಷಣ ನಂಗೆ ಗೊತ್ತಾಯ್ತು.”

“ಹೇಳ್ಬೇಕಿತ್ತು.”

“ಕೈಯಲ್ಲಿ ಚಾರ್ಟ್ ಹಿಡ್ಕೊಂಡಿದ್ದೆ.”

“ಬಾಯಲ್ಲೇನು ಹಿಡ್ಕೊಂಡಿದ್ದೆ?”

ಡ್ರೈವರನಿಗೆ ನಗು ಬಂತು. ನೋವಿಗೆ ಹೆದರಿ ಅದನ್ನು ಅಲ್ಲೇ ನುಂಗಿಕೊಂಡ.

“ನಿನ್ನ ಅಕ್ಷರ ದುಂಡಗಿದೆ, ಚಾರ್ಟ್ ನೀನೇ ಬರಿ, ನೀನೇ ಹಿಡ್ಕೋ ಅಂದ್ರು ಮೇಷ್ಟ್ರು. ನಾನು ಲೆಕ್ಕಕ್ಕುಂಟು, ಆಟಕ್ಕಿಲ್ಲ.”

ಅತ್ತೆ ಅವಳ ಜಡೆ ನೇವರಿಸಿದಳು. “ನನ್ನ ಅಕ್ಷರವೂ ಮುತ್ತು ಪೋಣಿಸಿದ ಹಾಗಿತ್ತು ಕಣೇ. ಬಂಧುಬಳಗದ ಮದುವೆ ಕಾಗದಕ್ಕೆಲ್ಲ ವಿಳಾಸ ಬರೆದವಳು ನಾನೇ. ಲೆಕ್ಕದಲ್ಲಿ ಕ್ಲಾಸಿಗೇ ಮೊದಲಿದ್ದೆ. ಅದನ್ನ ಯಾರೂ ಕೇಳ್ಲೇ ಇಲ್ಲ.”

“ನೀನೂ ಹೇಳ್ಲಿಲ್ವಾ?”

“ಇಲ್ಲ. ಈಗ ನಿಂಗೆ ಹೇಳ್ತಿದ್ದೀನಿ.”

ಹುಡುಗಿ ಏನೋ ಯೋಚಿಸುತ್ತ ಅತ್ತೆಯ ಬಳೆಯನ್ನು ಒಂದು ಸುತ್ತು ತಿರುಗಿಸಿದಳು, ಮತ್ತೆ ಹಿಂದಕ್ಕೆ ತಿರುಗಿಸಿದಳು. ಅಷ್ಟರಲ್ಲಿ ಒಳಗಿನಿಂದ ಅತ್ತೆಯನ್ನು ಕರೆದರು. ಇಬ್ಬರೂ ಎದ್ದರು.

“ಅತ್ತೆ, ನಾಳೆ ಮತ್ತೆ ಫ್ಯಾನು ತೋರಿಸ್ಬೇಕು. ವೈರು ನಾನೇ ಜೋಡಿಸಿದ್ರೆ ಚಾರ್ಟ್ ಯಾರು ಹಿಡ್ಕೋತಾರೆ?”

ಬಾಗಿಲು ಮುಚ್ಚಿಕೊಳ್ಳುವ ಮೊದಲು ಡ್ರೈವರನಿಗೆ ಅತ್ತೆಯ ಉತ್ತರ ಕೇಳಿಸಿತು.

“ಗೋಡೇಲಿ ಮೊಳೆ ಇದೆಯಲ್ಲ ಪುಟ್ಟಿ, ಅದು ಹಿಡ್ಕೊಳ್ಳುತ್ತೆ.”