ಜ್ವರ ಬಂದ ಹಸಿರು

ಈ ಸಮಾರಂಭದ ಮಾನ್ಯ ಅಧ್ಯಕ್ಷರೇ, ದೂರದಿಂದ ಬಂದಿರುವ ಅಂತರರಾಷ್ಟ್ರೀಯ ಮಾನಕ ಸಮಿತಿಯ ಅತಿಥಿಗಳೇ, ಬೆಳಕು ಮತ್ತು ಬಣ್ಣದ ಅಳತೆ ವಿಭಾಗದ ನನ್ನ ಹಳೆಯ ಸಹೋದ್ಯೋಗಿಗಳೇ, ಅವರ ಮನೆಯವರೇ, ಮತ್ತು ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ಸಭಿಕರೇ,

ನಿಮಗೆಲ್ಲ ನನ್ನ ವಂದನೆಗಳು. ನಿವೃತ್ತನಾದವನ ಕೈಗೆ ಮೈಕು ಕೊಡಬಾರದು ಎಂದು ನಾನು ಈ ವಿಭಾಗದ ಮುಖ್ಯಸ್ಥನಾಗಿದ್ದಾಗ ಹೇಳುತ್ತಿದ್ದೆ. ನನ್ನ ಮಾತನ್ನು ಇಲ್ಲಿ ಯಾರೂ ಕೇಳುತ್ತಿರಲಿಲ್ಲ ಎಂಬುದಕ್ಕೆ ಈಗ ನಾನು ಇಲ್ಲಿ ನಿಂತಿರುವುದೇ ಸಾಕ್ಷಿ.

ಇಂದಿನ ಸನ್ಮಾನ ನನ್ನ ಮಗಳಿಗೆ. ಮುಂದಿನ ಸಾಲಿನಲ್ಲಿ ಎಲ್ಲೋ ಕುಳಿತಿದ್ದಾಳೆ. ನಾಳೆ ಬೆಳಿಗ್ಗೆ ಅತಿಥಿಗಳು ಅವಳನ್ನು ತಮ್ಮೊಂದಿಗೆ ಕರೆದುಕೊಂಡು ಹೋಗುತ್ತಾರೆ. ಎಲ್ಲ ದೇಶಗಳ ಬಣ್ಣ ಅಳೆಯುವ ಯಂತ್ರಗಳನ್ನು ಇನ್ನು ಮುಂದೆ ಅವಳ ಕಣ್ಣಿಗೆ ಹೋಲಿಸಿ ಸರಿಪಡಿಸುತ್ತಾರಂತೆ. ಇದಕ್ಕಿಂತ ದೊಡ್ಡ ಗೌರವ ಉಂಟೇ? ಯಾವ ತಂದೆಗೆ ಸಿಕ್ಕೀತು ಈ ಭಾಗ್ಯ? ಈಗಷ್ಟೇ ಅಧ್ಯಕ್ಷರು ಅವಳ ಕೈಗೆ ಹೂಗುಚ್ಛ ಕೊಟ್ಟಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ.

ನಮ್ಮ ಕೆಲಸವೇನೆಂದು ಮನೆಯವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಉದ್ದವನ್ನು ಪಟ್ಟಿಯಿಟ್ಟು ಅಳೆಯಬಹುದು, ತೂಕವನ್ನು ತಕ್ಕಡಿಯಲ್ಲಿಟ್ಟು ನೋಡಬಹುದು. ಬಣ್ಣಕ್ಕೆ ಕಣ್ಣೇ ಬೇಕು. ಯಾರ ಕಣ್ಣು? ನಿಮ್ಮದೋ, ನನ್ನದೋ? ಇಬ್ಬರ ಕಣ್ಣು ಒಂದೇ ಥರ ಇರುವುದಿಲ್ಲ. ಆದ್ದರಿಂದ ನಮ್ಮ ಹಿಂದಿನವರು ಕೆಲವರನ್ನು, ಇಪ್ಪತ್ತು ಜನರೂ ಇರಲಿಲ್ಲ, ಕತ್ತಲೆ ಕೋಣೆಯಲ್ಲಿ ಕೂರಿಸಿ ಬಣ್ಣ ತೋರಿಸಿದರು. ಅವರ ಉತ್ತರಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆದರು. ಆ ಸರಾಸರಿಗೆ ಮನುಷ್ಯನಿಗೆ ಹೆಸರಿಡುವ ಹಾಗೆ 'ಪ್ರಮಾಣಿತ ವೀಕ್ಷಕ' ಎಂದು ಹೆಸರಿಟ್ಟರು. ನಿಮ್ಮ ಮನೆಯ ಗೋಡೆಯ ಬಣ್ಣ, ರಸ್ತೆಯ ಕೆಂಪು ದೀಪ, ನೀವು ನುಂಗುವ ಮಾತ್ರೆಯ ಗುಲಾಬಿ, ಎಲ್ಲವೂ ಮೊದಲು ಆ ಒಬ್ಬ ವೀಕ್ಷಕರ ಕಣ್ಣಿಗೆ ಒಪ್ಪಿಗೆಯಾಗಬೇಕು, ಆಮೇಲೆ ನಮಗೆ. ಸ್ವಾರಸ್ಯವೇನೆಂದರೆ, ಹಾಗೊಬ್ಬ ಮನುಷ್ಯ ಇಲ್ಲ. ಎಂದೂ ಇರಲಿಲ್ಲ.

ನಮ್ಮ ವಿಭಾಗದಲ್ಲಿ ಅವರನ್ನು ಪ್ರೀತಿಯಿಂದ 'ಸರಾಸರಿಯವರು' ಎನ್ನುತ್ತಿದ್ದೆವು. ರಜೆ ಹಾಕುವುದಿಲ್ಲ, ಬಡ್ತಿ ಕೇಳುವುದಿಲ್ಲ, ಇಂಥ ನೌಕರ ಎಲ್ಲಿ ಸಿಗುತ್ತಾನೆ? ಕತ್ತಲೆ ಕೋಣೆಯಲ್ಲಿ ಅವರಿಗೆಂದೇ ಒಂದು ಕುರ್ಚಿ ಖಾಲಿ ಬಿಡುತ್ತಿದ್ದೆವು. ಹೊಸಬರು ಯಾರಾದರೂ ಗೊತ್ತಿಲ್ಲದೆ ಅದರಲ್ಲಿ ಕೂತರೆ, "ಏಳಪ್ಪಾ ಮಾರಾಯ, ಸರಾಸರಿಯವರ ತೊಡೆ ಮೇಲೆ ಕೂತಿದೀಯ" ಎಂದು ಹೆದರಿಸುತ್ತಿದ್ದೆವು. ಕತ್ತಲಲ್ಲಿ ಆ ಹುಡುಗರು ಎದ್ದೋಡುವ ಸದ್ದು ಕೇಳಿ ಎಷ್ಟು ನಕ್ಕಿದ್ದೇವೆ!

ಇನ್ನು ನನ್ನ ಮಗಳ ವಿಷಯ.

ಅವಳು ಇನ್ನೂ ಮೇಜಿನೆತ್ತರ ಇರದಿದ್ದಾಗ ನಾನು ಪ್ರಯೋಗಾಲಯದಿಂದ ಎರಡು ತುಂಡು ಬಟ್ಟೆ ಮನೆಗೆ ತಂದಿದ್ದೆ. ಎರಡೂ ಹಸಿರು. ಬಳಸಿದ ಬಣ್ಣದ ಪುಡಿಗಳು ಬೇರೆ ಬೇರೆ, ಆದರೆ ಮಾನಕ ದೀಪದ ಕೆಳಗೆ ಸರಾಸರಿಯವರ ಕಣ್ಣಿಗೆ ಎರಡೂ ಒಂದೇ. ನನಗೂ ಒಂದೇ, ನನ್ನ ಹೆಂಡತಿಗೂ ಒಂದೇ. ಇವಳು ತಟ್ಟೆ ಬಿಟ್ಟು ಎದ್ದುಬಂದು, ಒಂದು ತುಂಡಿನ ಮೇಲೆ ಎಂಜಲು ಬೆರಳಿಟ್ಟು, "ಅಪ್ಪಾ, ಇದಕ್ಕೆ ಜ್ವರ ಬಂದಿದೆ" ಎಂದಳು. ನಾನು ನಕ್ಕೆ. ಬೆನ್ನ ಹಿಂದೆ ಅದಲುಬದಲು ಮಾಡಿ ಮತ್ತೆ ತೋರಿಸಿದೆ. ತಪ್ಪದೆ ಅದನ್ನೇ ಮುಟ್ಟಿದಳು. ಎಷ್ಟು ಸಲ ಬದಲಿಸಿದರೂ ಅದನ್ನೇ. ಕೊನೆಗೆ ಅವಳಿಗೆ ಸಿಟ್ಟು ಬಂತು. "ನಿಂಗೆ ಕಾಣ್ಸಲ್ವಾ? ಪಾಪ, ಜ್ವರ ಬಂದಿರೋದನ್ನ ಹಿಂಗೆ ಎಳೆದಾಡ್ತಾರಾ?"

ಹಾಗಿದ್ದಳು. ಜಗಳಗಂಟಿ. ಬಲ್ಬಿನೊಳಗೆ ಏನಿದೆ ನೋಡುತ್ತೇನೆಂದು ಸ್ಟೂಲು ಹತ್ತಿ ಬಿದ್ದು ಎಡಹುಬ್ಬು ಸೀಳಿಕೊಂಡವಳು. ನಗಲು ಶುರುಮಾಡಿದರೆ ಬಿಕ್ಕಳಿಕೆ ಬರುತ್ತಿತ್ತು, ನೀರು ಕುಡಿಸಬೇಕಾಗುತ್ತಿತ್ತು. ಬೀದಿಯ ತುದಿಯಲ್ಲಿ ಅವಳ ನಡಿಗೆ ಕೇಳಿಯೇ ಅವಳಮ್ಮ ಒಲೆ ಹಚ್ಚುತ್ತಿದ್ದಳು. ಮಗಳು ದೊಡ್ಡವಳಾದ ಮೇಲೆ, ಇಂಥ ಕಣ್ಣು ದಾಖಲಾಗದೆ ಹೋಗಬಾರದು ಎಂದು ನಾನೇ ಇಲ್ಲಿಗೆ ಕರೆತಂದೆ. ಮೊದಲ ವರ್ಷದ ಫಲಿತಾಂಶ ಹಿರಿಯರಿಗೆ ನೆನಪಿರಬಹುದು. ನಮ್ಮಲ್ಲಿ ಸರಾಸರಿಯಿಂದ ಅತಿ ದೂರ ಇದ್ದ ಕಣ್ಣು ಅವಳದು. ನನಗೆ ಒಳಗೊಳಗೇ ಹೆಮ್ಮೆ.

ಕೆಲಸ ಸರಳ. ಕತ್ತಲೆಯಲ್ಲಿ ಒಂದು ಕೊಳವೆಗೆ ಕಣ್ಣಿಡಬೇಕು. ಒಳಗೆ ಒಂದು ಪುಟ್ಟ ವೃತ್ತ, ನಡುವೆ ಗೆರೆ. ಮೇಲಿನ ಅರ್ಧದಲ್ಲಿ ನಾವು ಕೊಟ್ಟ ಬಣ್ಣ. ಕೆಳಗಿನ ಅರ್ಧದಲ್ಲಿ ಕೆಂಪು, ಹಸಿರು, ನೀಲಿ ಬೆರೆಸಿ ಅದೇ ಬಣ್ಣ ತರಬೇಕು. ಎರಡೂ ಒಂದಾದಾಗ ನಡುವಿನ ಗೆರೆ ಮಾಯವಾಗುತ್ತದೆ. ಅಷ್ಟೇ.

ಆಗ ಮೇಲಿನವರಿಗೆ ಒಂದು ಯೋಚನೆ ಬಂತು. ವೀಕ್ಷಕರ ಉತ್ತರ ಸರಾಸರಿಯವರ ಉತ್ತರಕ್ಕೆ ಹೊಂದಿದಾಗ ಒಂದು ಸಣ್ಣ ಗಂಟೆ ಬಾರಿಸುವುದು. ಕೆಲಸದಲ್ಲಿ ಉತ್ಸಾಹ ಬರಲಿ ಎಂದು. ಗುಂಡಿ ಇದ್ದದ್ದು ನನ್ನ ಮೇಜಿನ ಮೇಲೆ. ಉಳಿದವರು ಗಂಟೆಯನ್ನು ಲೆಕ್ಕಕ್ಕೇ ಇಡಲಿಲ್ಲ. ಇವಳು ಹಟವಾದಿ, ಕೇಳಬೇಕೆ? ಮೊದಮೊದಲು ಕತ್ತಲೆಯಿಂದ ಅವಳ ದನಿ ಬರುತ್ತಿತ್ತು: "ಅಪ್ಪಾ, ಗಂಟೆ ಯಾಕೆ ಹೊಡೀತು? ಗೆರೆ ಇನ್ನೂ ಕಾಣ್ತಿದೆ."

"ಸರಿಯಾಗಿದೆ ಮಗಳೇ, ಅದಕ್ಕೇ."

"ಗೆರೆ ಇದೆಯಲ್ಲಪ್ಪಾ."

"ಇಲ್ಲ ಅಂದ್ಕೋ."

ಸ್ವಲ್ಪ ದಿನಗಳಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ಗಂಟೆ ಹೆಚ್ಚು ಹೆಚ್ಚು ಹೊಡೆಯತೊಡಗಿತು. ವರ್ಷದಿಂದ ವರ್ಷಕ್ಕೆ ಅವಳ ಉತ್ತರ ಸರಾಸರಿಯ ಹತ್ತಿರ ಬಂತು. ಕೊನೆಗೆ ವ್ಯತ್ಯಾಸವೇ ಉಳಿಯಲಿಲ್ಲ. ಇಲ್ಲದ ಮನುಷ್ಯನ ಕಣ್ಣು, ಇರುವ ಹುಡುಗಿಗೆ! ಯಾವ ದೇಶದಲ್ಲೂ ಆಗಿರಲಿಲ್ಲ. ನಾನು ಸಿಹಿ ಹಂಚಿದೆ.

ಸಣ್ಣಪುಟ್ಟ ತಮಾಷೆಗಳೂ ಆದವು, ಹೇಳಬಹುದಲ್ಲವೇ? ನಮ್ಮ ದರ್ಜಿ ಅವಳ ಅಳತೆ ತೆಗೆಯುವುದನ್ನು ನಿಲ್ಲಿಸಿದ. "ಬೇಡ ಬಿಡಿ ಸಾರ್, ಅಂಗಡಿ ಬೊಂಬೆಗೆ ಸರಿಹೋದ್ರೆ ಇವ್ರಿಗೂ ಸರಿಹೋಗತ್ತೆ." ಗೇಟಿನ ಕಾವಲುಗಾರ ಒಂದು ಬೆಳಿಗ್ಗೆ ಅವಳನ್ನು ತಡೆದು, "ಹೊಸಬ್ರಾ?" ಎಂದು ಕೇಳಿದ. ಮರುದಿನವೂ ಕೇಳಿದ. ಈಗಲೂ ಕೇಳುತ್ತಾನೆ. ಮನೆಯಲ್ಲಿ ಜಗಳವಿಲ್ಲ, ಬಿಕ್ಕಳಿಕೆಯಿಲ್ಲ. ಊಟ ಹೇಗಿದೆ ಎಂದರೆ "ಚೆನ್ನಾಗಿದೆ." ಮಳೆಯಲ್ಲಿ ನೆನೆದು ಬಂದವಳನ್ನು ಹೇಗಿದ್ದೀಯ ಎಂದರೂ "ಚೆನ್ನಾಗಿದ್ದೀನಿ." ಬಾಗಿಲ ಕರೆಗಂಟೆ ಬಾರಿಸಿದಾಗ ಮಾತ್ರ ಒಂದಿಷ್ಟು ನಗುತ್ತಾಳೆ, ಯಾರು ಬಂದರೆಂದು ನೋಡುವ ಮೊದಲೇ.

ನನ್ನ ಹೆಂಡತಿ ಒಂದು ದಿನ ಅವಳ ತಲೆ ಬಾಚಿದವಳು ಬಾಚಣಿಗೆ ಕೈಯಲ್ಲೇ ಹಿಡಿದು ನನ್ನ ಹತ್ತಿರ ಬಂದಳು. "ಹುಬ್ಬಿನ ಮೇಲೆ ಗಾಯದ ಗುರುತಿಲ್ಲ ರೀ."

"ಪೌಡರ್ ಹಚ್ಚಿರ್ತಾಳೆ."

"ಒರೆಸಿ ನೋಡ್ದೆ."

ನಾನು ಅಳತೆಯ ಮನುಷ್ಯ. ಮರುದಿನ ಕತ್ತಲೆ ಕೋಣೆಗೆ ಹೋಗಿ ಟಾರ್ಚು ಹಾಕಿದೆ. ಅವಳು ಸರಾಸರಿಯವರ ಕುರ್ಚಿಯಲ್ಲಿ ಕುಳಿತಿದ್ದಳು. ಕೆಲಸವೇನೂ ಇರಲಿಲ್ಲ, ಸುಮ್ಮನೆ ಕುಳಿತಿದ್ದಳು. ಯಾರೂ ತಮಾಷೆ ಮಾಡಲಿಲ್ಲ. ನಾನು ಟಾರ್ಚು ಆರಿಸಿದೆ. ನಿಜ ಹೇಳುತ್ತೇನೆ, ನನಗೆ ಭಯವಾಯಿತು.

ಇವತ್ತಿನ ಸಮಾರಂಭಕ್ಕೆ ನನ್ನ ಹೆಂಡತಿ ಬಂದಿಲ್ಲ. ಹೊರಡುವಾಗ ಕರೆದೆ. "ಯಾರಿಗೆ ಸನ್ಮಾನ ಅಂತ ಗೊತ್ತಾದ್ಮೇಲೆ ಬರ್ತೀನಿ" ಎಂದಳು. ಹೋಗಲಿ, ಅದು ನಮ್ಮ ಮನೆಯ ಮಾತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಮುಗಿಸಿ ಎಂದು. ಮುಗಿಸುತ್ತೇನೆ. ಅದಕ್ಕೆ ಮುಂಚೆ ಒಂದು ಸಣ್ಣ ಪ್ರಯೋಗ.

ಆ ಎರಡು ಬಟ್ಟೆಗಳು ನನ್ನ ಜೇಬಿನಲ್ಲಿವೆ. ಇಗೋ. ಈ ಸಭಾಂಗಣದ ದೀಪಗಳು ನಮ್ಮದೇ ಮಾನಕ ದೀಪಗಳು, ನಾನೇ ಹಾಕಿಸಿದ್ದು. ಎಲ್ಲರಿಗೂ ಕಾಣುತ್ತಿದೆಯೇ? ಎರಡೂ ಒಂದೇ ಹಸಿರು ಅಲ್ಲವೇ? ಒಂದೇ ಎಂದು ತಲೆಯಾಡಿಸುತ್ತಿದ್ದೀರಿ, ಸಂತೋಷ. ಅತಿಥಿಗಳೇ, ನಿಮಗೆ ನಾನು ಒಂದು ನಿಯಮ ನೆನಪಿಸಬೇಕು. ಈ ಎರಡು ಬಟ್ಟೆಗಳು ಬೇರೆ ಎಂದು ಕಂಡ ಕಣ್ಣನ್ನು ನೀವು ಮಾನಕವಾಗಿ ಒಯ್ಯುವಂತಿಲ್ಲ. ಒಂದೇ ಒಂದು ಕೈ ಮೇಲೆದ್ದರೆ ಸಾಕು, ನಾಳೆಯ ಪ್ರಯಾಣ ರದ್ದು. ಹುಡುಗಿ ಮನೆಗೆ ಬರುತ್ತಾಳೆ.

ಮಗಳೇ, ನಾನು ನಿನ್ನನ್ನೇ ಕೇಳುತ್ತಿದ್ದೇನೆ. ಗಂಟೆ ಇಲ್ಲ, ನೋಡು, ನನ್ನ ಕೈಯಲ್ಲಿ ಗುಂಡಿಯೂ ಇಲ್ಲ. ಯಾವುದಕ್ಕೆ ಜ್ವರ? ಎಡಗೈಯದಕ್ಕೋ, ಬಲಗೈಯದಕ್ಕೋ? ತಪ್ಪಾದರೂ ಪರವಾಗಿಲ್ಲ. ಒಂದು ಕೈ ಎತ್ತು. ಬೈದರೂ ಆದೀತು, ಪಾಪ ಜ್ವರ ಬಂದಿದ್ದನ್ನು ಎಳೆದಾಡಬೇಡ ಎಂದು ಎಲ್ಲರ ಮುಂದೆ ಬೈದುಬಿಡು.

ಕಾಯುತ್ತೇನೆ.

ಯಾರೂ ಇಲ್ಲವೇ?

ಅಧ್ಯಕ್ಷರೇ, ಹೂಗುಚ್ಛ ಯಾರ ಕೈಗೆ ಕೊಟ್ಟಿರಿ? ತಾವೂ ಮುಂದಿನ ಸಾಲನ್ನೇ ನೋಡುತ್ತಿದ್ದೀರಿ. ಹೂಗುಚ್ಛ ಆ ಖಾಲಿ ಕುರ್ಚಿಯ ಮೇಲಿದೆ. ಅದರ ಆಚೆ ಈಚೆ ಕುಳಿತಿರುವ ಹೆಣ್ಣುಮಕ್ಕಳೆಲ್ಲ ನಮ್ಮ ವೀಕ್ಷಕಿಯರೇ, ನನಗೆ ಗೊತ್ತು. ನನ್ನ ಮಗಳ ಫಲಿತಾಂಶ ನೋಡಿದ ಮೇಲೆ, ಹೊಸದಾಗಿ ಸೇರಿದ ನಿಮಗೆಲ್ಲರಿಗೂ ಅದೇ ಗಂಟೆ ಹಾಕಿಸಿದರಲ್ಲವೇ? ನಾನು ಮೈಕಿನ ಮುಂದೆ ಬಂದಾಗಿನಿಂದ ನಿಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದೇನೆ, ಎಲ್ಲರ ಮುಖವೂ ಒಂದೇ. ಭಾಷಣ ಉದ್ದವಾದದ್ದು ಅದಕ್ಕೇ, ಕ್ಷಮಿಸಿ.

ಅತಿಥಿಗಳು ಬರೆದುಕೊಳ್ಳುತ್ತಿದ್ದಾರೆ. ಬರೆದುಕೊಳ್ಳಿ. ಕಣ್ಣು ಸರಿಯಾಗಿದೆ.

ನನಗೆ ಮಾತನಾಡಲು ಅವಕಾಶ ಕೊಟ್ಟ ಅಧ್ಯಕ್ಷರಿಗೆ, ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೆ, ದೀಪ ನೋಡಿಕೊಂಡವರಿಗೆ ಕೃತಜ್ಞತೆಗಳು. ಮಗಳೇ, ಸಭೆ ಮುಗಿದ ಮೇಲೆ ನಾನು ದೊಡ್ಡ ಬಾಗಿಲ ಹತ್ತಿರ ಕೊಡೆ ಹಿಡಿದು ನಿಂತಿರುತ್ತೇನೆ. ಒಂದು ರಾತ್ರಿಯಾದರೂ ಮನೆಗೆ ಬಂದು ಹೋಗು, ಅಮ್ಮ ಕಾಯುತ್ತಿದ್ದಾಳೆ. ನನಗೆ ನಿನ್ನ ಗುರುತು ಸಿಗುವುದಿಲ್ಲ. ನೀನೇ ಬಂದು ನನ್ನ ಕೈ ಹಿಡಿದುಕೋ.

ಉಳಿದವರಲ್ಲಿ ಒಂದೇ ವಿನಂತಿ. ದಯವಿಟ್ಟು ಬೇರೆ ಯಾರೂ ಬರಬೇಡಿ. ಬಂದರೆ ಕರೆದುಕೊಂಡು ಹೋಗಿಬಿಡುತ್ತೇನೆ.

ನಮಸ್ಕಾರ.