ದ್ಯಾಮಿ ಆವಿಗೆ ಹೊಕ್ಕಿದ್ದು

ಬನ್ನಿ, ಹತ್ತಿರ ಕೂತ್ಕೊಳ್ಳಿ. ನಿದ್ದೆ ಬಂದ ಮಕ್ಕಳನ್ನ ಮಡಿಲಿಗೆ ಹಾಕ್ಕೊಳ್ಳಿ. ಯಾವ ಸೀಮೆ ಅಂತ ಕೇಳಬೇಡಿ. ಅಲ್ಲಿ ನೆಲ ಕೆಂಪು, ಆಕಾಶ ಹೊಗೆಯ ಬಣ್ಣ. ಅಲ್ಲಿ ಸಂಗಣ್ಣ ಅನ್ನೋ ಧಣಿ ಮಡಕೆ ಕಾರ್ಖಾನೆ ಇಟ್ಟಿದ್ದ. ಸಾಲಾಗಿ ತಿಗರಿಗಳು, ತಿರುಗಿಸೋಕೆ ಕುಂಬಾರರು, ಆಚೆ ತುದೀಲಿ ಮಡಕೆ ಸುಡೋ ಆವಿಗೆ, ಒಂದು ಮನೆಯಷ್ಟು ದೊಡ್ಡದು.

ಮಡಕೆ ಹೊರೋರು ಯಾರು? ಮಕ್ಕಳು. ಹಸಿ ಮಡಕೆ ಒಳಗಿಡಬೇಕು, ಸುಟ್ಟದ್ದನ್ನ ಕಾವು ಆರೋ ಮೊದಲೇ ಹೊರಗೆ ತರಬೇಕು. ದ್ಯಾಮಿಗೆ ಎಂಟು ವರ್ಷ, ತಮ್ಮ ಕೆಂಚನಿಗೆ ಐದು. ದಣಿವಿಗೆ ನಡೀತಾ ನಡೀತಾನೇ ಕಣ್ಣು ಮುಚ್ಚೋವು. ನಿದ್ದೆಗಣ್ಣಿಗೆ ಮಡಕೆಗಳೆಲ್ಲ ಮೋಡದ ಹಾಗೆ ತೇಲೋವು.

ಒಂದಿನ ಆವಿಗೆ ತುಂಬಿತು. ಬಾಯಿಗೆ ಇಟ್ಟಿಗೆ ಕಟ್ಟೋಕೆ ಶುರು ಮಾಡಿದ್ರು. ದ್ಯಾಮಿ ನೋಡ್ತಾಳೆ, ಕೆಂಚ ಇಲ್ಲ.

ಬೆಂಕಿ ಹಚ್ಚೋ ಬೀರಜ್ಜನ್ನ ಕೇಳಿದಳು, "ಅಜ್ಜ, ನನ್ನ ತಮ್ಮ ಎಲ್ಲಿ?"

"ಮನೆಗೆ ಹೋಗಿರ್ತಾನೆ ಕಣವ್ವ."

ಮೇಸ್ತ್ರಿಯನ್ನ ಕೇಳಿದಳು. "ಕೆರೆ ಕಡೆ ಹೋಗಿರ್ತಾನೆ, ಹೋಗು."

ಧಣಿಯನ್ನೇ ಕೇಳಿದಳು. "ಎಲ್ಲೋ ಆಡ್ತಿರ್ತಾನೆ. ಬೆಂಕಿ ಹಚ್ಚೋ ಹೊತ್ತು ಮೀರ್ತಿದೆ."

ಆಡೋದಾ? ಆ ಕೂಸಿಗೆ ಆಡೋಕೆ ಕಾಲಲ್ಲಿ ಕಸುವೆಲ್ಲಿತ್ತು, ನೀವೇ ಹೇಳಿ.

ಮಡಕೆ ಇಡೋಕೆ ಒಳಗೆ ಹೋದೋನು ಹೊರಗೆ ಬಂದದ್ದನ್ನ ದ್ಯಾಮಿ ಕಂಡಿರಲಿಲ್ಲ. ಇಟ್ಟಿಗೆ ಗೋಡೇಲಿ ಇನ್ನೂ ಒಂದು ಕಿಂಡಿ ಉಳಿದಿತ್ತು. ಅವಳು ಅದರೊಳಗೆ ನುಸುಳಿಬಿಟ್ಟಳು. ಒಳಗೆ ಕತ್ತಲೆ, ಬೆಚ್ಚಗೆ, ಅಮ್ಮನ ಸೆರಗಿನೊಳಗೆ ಇದ್ದ ಹಾಗೆ. ಆಳೇ ಹಿಡಿಯೋವಷ್ಟು ದೊಡ್ಡ ಮಡಕೆ, ಒಂದು ಗುಡಾಣಕ್ಕೆ ಕಿವಿ ಇಟ್ಟಳು, ಸದ್ದಿಲ್ಲ. ಇನ್ನೊಂದಕ್ಕೆ ಇಟ್ಟಳು, ಸದ್ದಿಲ್ಲ. ಮೂರನೇದರಲ್ಲಿ ಉಸಿರು ಕೇಳಿಸ್ತು. ಕೆಂಚ ಮುದುಡಿ ಮಲಗಿದ್ದ. ಎಬ್ಬಿಸಿದಳು, ಏಳಲಿಲ್ಲ. ಎತ್ತೋಕೆ ನೋಡಿದಳು, ಕೈ ಸೋತವು. ಅವಳಿಗೂ ನಿದ್ದೆ ಅಲೆ ಅಲೆಯಾಗಿ ಬರ್ತಿತ್ತು.

ಹೊರಗೆ ಧಣಿಯ ದನಿ. "ಮುಚ್ಚೋಕೆ ಹಿಡೀರೋ ಕಿಂಡಿನ. ಹೆದರಿ ತಾನೇ ಹೊರಗೆ ಬರ್ತಾಳೆ."

ಒಳಗಿಂದ ದ್ಯಾಮಿ ಮೆತ್ತಗೆ ಅಂದಳು, "ಅಜ್ಜ, ಕೆಂಚ ಇಲ್ಲೇ ಮಲಗಿದ್ದಾನೆ. ಬಿಟ್ಟು ಬರೋಕೆ ನನ್ನಿಂದ ಆಗಲ್ಲ. ಹಚ್ಚೋದಾದ್ರೆ ಹಚ್ಚು."

ಬೀರಜ್ಜನ ಕೈಲಿ ಕೊಳ್ಳಿ ಉರೀತಿತ್ತು. ಅದನ್ನ ನೀರಿನ ತೊಟ್ಟಿಗೆ ಅದ್ದಿದ. ಚುಂಯ್ ಅಂತು. ಬರಿಗೈಲಿ ಇಟ್ಟಿಗೆ ಕೀಳೋಕೆ ಶುರು ಮಾಡಿದ. ಒಂದು ತಿಗರಿ ನಿಂತಿತು. ಎರಡನೇದು ನಿಂತಿತು. ಆಮೇಲೆ ಎಲ್ಲವೂ ನಿಂತವು. ಕುಂಬಾರರೆಲ್ಲ ಎದ್ದು ಬಂದು ಗೋಡೆ ಬಿಚ್ಚಿ, ಇಬ್ಬರನ್ನೂ ತೋಳಲ್ಲಿ ಎತ್ತಿ ತಂದ್ರು.

"ಕೆಲಸ ನಿಲ್ಲಿಸಿದ್ರೆ ಹೇಗಯ್ಯಾ?" ಅಂದ ಧಣಿ.

ಬೀರಜ್ಜ ಹೇಳಿದ, "ಇನ್ನು ಮಕ್ಕಳು ಒಳಗೆ ಹೋಗಲ್ಲ ಧಣಿ. ಆವಿಗೆ ತಣಿಯೋವರೆಗೂ ಕಾದು ನಾವೇ ಹೊರ್ತೀವಿ. ಒಪ್ಪದಿದ್ರೆ ಕೊಳ್ಳಿ ನೀವೇ ಹಿಡೀರಿ."

ಧಣಿ ಕೊಳ್ಳಿ ನೋಡಿದ, ಕುಂಬಾರರನ್ನ ನೋಡಿದ. ತಲೆ ತಗ್ಗಿಸಿ "ಆಗಲಿ" ಅಂದ.

ಅವತ್ತು ನಡು ಮಧ್ಯಾಹ್ನದಲ್ಲೇ ಮಕ್ಕಳಿಗೆ ಮಾಡೋಕೆ ಕೆಲಸವೇ ಇಲ್ಲ. ಒಂದು ಮಗು ಹುಣಸೆ ನೆರಳಲ್ಲಿ ಒರಗಿತು, ಪಕ್ಕದಲ್ಲಿ ಇನ್ನೊಂದು. ಊರಿಗೆ ಊರೇ ತೊಟ್ಟಿಲಾದ ಹಾಗಾಯ್ತು. ದ್ಯಾಮಿ ಮಾತ್ರ ಪಕ್ಕದಲ್ಲಿ ಮಲಗಿದ್ದ ತಮ್ಮನ ಅಂಗಿ ಹಿಡ್ಕೊಂಡು, ಕಣ್ಣು ಅಗಲ ಮಾಡ್ಕೊಂಡು ಕೂತಿದ್ದಳು.

"ಮಲಗವ್ವ," ಅಂದ ಬೀರಜ್ಜ. "ಕಾಯೋದು ಇನ್ನು ನಮ್ಮ ಕೆಲಸ."

ಅವಳು ಮಲಗಿದಳು. ಅವಳ ನಿದ್ದೆ ಅವಳಿಗಿರಲಿ, ನನ್ನ ಮಾತು ನಿಮಗಿರಲಿ.