ಎದುರು ಮನೆಯ ರೇಡಿಯೋ

ಶ್... ಮೆಲ್ಲಗೆ! ಬಾಗಿಲು ಎಳ್ಕೊಳ್ಳಿ ಟೀಚರಮ್ಮ. ಹಾಗಲ್ಲ, ಚಿಲಕಾನೇ ಹಾಕ್ಬಿಡಿ. ಈ ಮೆಟ್ಟಿಲು ಹತ್ತಿ ಇಳಿಯೋರಿಗೆಲ್ಲ ಮೊಳದುದ್ದ ಕಿವಿ. ಹ್ಞಾಂ, ಈಗ ಕೂತ್ಕೊಳ್ಳಿ. ಅಯ್ಯೋ, ಆ ಕುರ್ಚಿ ಬೇಡ, ಅದರ ಕಾಲು ಆಡುತ್ತೆ, ಇಲ್ಲಿ ಮಂಚದ ಮೇಲೆ ಬನ್ನಿ, ನನ್ನ ಪಕ್ಕಕ್ಕೆ. ಮೊದಲು ಒಂದು ಮಾತು ಕೊಡಿ ನನಗೆ. ನಾನು ಹೇಳಿದ್ದು ಈ ಕೋಣೆ ದಾಟಬಾರದು. ಇಲ್ಲೇ ಕೇಳಿ ಇಲ್ಲೇ ಮರೀಬೇಕು. ತಲೆ ಆಡಿಸಿದ್ರೆ ಆಗ್ಲಿಲ್ಲ, ಬಾಯಿ ಬಿಟ್ಟು ಹೇಳಿ... ಆಯ್ತು ಬಿಡಿ, ಕಣ್ಣಲ್ಲೇ ಹೇಳಿದ್ರಿ. ಯಾಕೆ ನಗ್ತೀರಿ? ನಾನೇನು ನಗೋ ವಿಷಯ ಹೇಳಿದ್ನಾ?

ಎದುರು ಮನೆ ಬೀಗ ನೋಡಿ ವಾಪಸ್ ಹೊರಟಿದ್ರಿ ನೀವು. ನಾನು ಕೂಗದೇ ಇದ್ದಿದ್ರೆ ಹೋಗೇಬಿಡ್ತಿದ್ರಿ! ಅವಳು ಬರೋದು ಐದಕ್ಕೆ. ಅವಳು ಅಂದ್ರೆ ಆ ಲಾಂಡ್ರಿಯವಳು, ಹುಡುಗಿ ತಾಯಿ. ಆಸ್ಪತ್ರೆ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡೋ ಕಡೆ ಕೆಲಸ. ಈಗ ಮೂರು ವಾರದಿಂದ ಮಗೂನೂ ಅಲ್ಲಿಗೇ ಎಳ್ಕೊಂಡು ಹೋಗ್ತಾಳೆ. ಬೆಡ್‌ಶೀಟಿನ ರಾಶಿ ಮೇಲೆ ಕೂರಿಸ್ತಾಳಂತೆ! ಅಲ್ಲಿಯ ಮೇಸ್ತ್ರಿ ಮುಖ ಸಿಂಡರಿಸಿ, "ಈ ತಿಂಗಳು ಮುಗಿಯೋವರೆಗೆ ಸಹಿಸ್ಕೋತೀನಿ, ಆಮೇಲೆ ಮಗು ಬರಕೂಡದು" ಅಂದಿದ್ದಾನೆ. ನನಗೆ ಹೇಗೆ ಗೊತ್ತು ಅಂತೀರಾ? ಗೊತ್ತಾಗುತ್ತೆ. ನನಗೆ ಎಲ್ಲಾ ಗೊತ್ತಾಗುತ್ತೆ.

ನೀವು ಯಾಕೆ ಬಂದಿದ್ದೀರಿ ಅನ್ನೋದೂ ಗೊತ್ತು. ಆ ಹುಡುಗೀಗೆ ನಿಮ್ಮ ಸ್ಕೂಲಲ್ಲಿ ಒಂದನೇ ಕ್ಲಾಸಿಗೆ ಸೀಟು ಕೊಡೋದೋ ಬೇಡವೋ... ಸೋಮವಾರ ತೀರ್ಮಾನ, ಅಲ್ವಾ? ಅದಕ್ಕೇ ಮನೆ ನೋಡೋಕೆ ಬಂದ್ರಿ. ಸುಲಭ ಮಾಡ್ಕೊಡ್ತೀನಿ ನಿಮಗೆ. ಕೊಡ್ಬೇಡಿ. ಅಷ್ಟೇ. ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ.

ಯಾಕೆ ಅಂದ್ರೆ... ಅದು ನಿಮ್ಮ ಸ್ಕೂಲಿಗೆ ಆಗೋ ಮಗು ಅಲ್ಲ ಕಣಮ್ಮ. ಪಾಪ, ಮಗೂದೇನೂ ತಪ್ಪಿಲ್ಲ, ಹುಟ್ಟಿದ್ದೇ ಹಾಗೆ. ಆರನೇ ವರ್ಷ ನಡೀತಿದೆ, ಬಾಯಲ್ಲಿ ಒಂದು ಮಾತಿಲ್ಲ! ಮುಖ ನೋಡಿ ನಗಲ್ಲ. ಕರೆದ್ರೆ ತಿರುಗಲ್ಲ. ಡಬ್ಬಿ ಮುಚ್ಚಳ ಒಂದು ಸಿಕ್ಕಿದ್ರೆ ಆಯ್ತು, ನೆಲದ ಮೇಲೆ ತಿರುಗಿಸ್ತಾ ಕೂತುಬಿಡ್ತಾಳೆ. ಮಿಕ್ಸಿ ಹಾಕಿದ್ರೆ ಎರಡೂ ಕಿವಿ ಮುಚ್ಕೊಂಡು ಮಂಚದ ಕೆಳಗೆ ನುಗ್ತಾಳೆ. ಹೊಸ ಅಂಗಿ ಹಾಕಿದ್ರೆ ಕತ್ತಿನ ಹಿಂದಿನ ಚೀಟಿ ಚುಚ್ಚುತ್ತೆ ಅಂತ ಇಡೀ ದಿನ ಅಳು, ಚೀಟಿ ಕತ್ತರಿಸಿದ್ರೆ ತಟ್ಟಂತ ನಿಲ್ಲುತ್ತೆ. ಹಾಲು ಕುಡಿಯೋದು ನೀಲಿ ಲೋಟದಲ್ಲಿ ಮಾತ್ರ, ಅದೂ ಅರ್ಧ ಲೋಟ, ತುಂಬಿಸಿದ್ರೆ ಮುಟ್ಟಲ್ಲ. ನೋಡಿ, ಇಂಥಾದ್ದನ್ನ ನಲವತ್ತು ಮಕ್ಕಳ ಮಧ್ಯೆ ಹೇಗೆ ಸಂಭಾಳಿಸ್ತೀರಿ? ಬರ್ಕೊಳ್ಳಿ, ಬರ್ಕೊಳ್ಳಿ. ಚೀಟಿದೂ ಬರ್ಕೊಳ್ಳಿ.

ಇನ್ನು ಮನೆ... ಮನೆ ಅಂತೀರಾ ಅದನ್ನ? ನನ್ನ ಬಾಯಿಂದ ಬರಬಾರದು. ಬಂದೇಬಿಡ್ತು, ಕೇಳಿ. ಗಂಡ ಲಿಫ್ಟ್ ರಿಪೇರಿ ಮಾಡೋನು, ಎರಡು ತಿಂಗಳಾಯ್ತು, ಅಕ್ಕನ ಮನೇಲಿ ಕೂತಿದ್ದಾನೆ. ಅದಕ್ಕೆ ಮುಂಚೆ ದಿನಾ ಬೆಳಿಗ್ಗೆ ರಾಮಾಯಣ! ಅವನು ಅಂದ, "ನಮ್ಮಣ್ಣನ ಮಗಳ ಮದುವೆಗೆ ಇದನ್ನ ಕರ್ಕೊಂಡು ಬರ್ಬೇಡ, ನನ್ನ ಮಾನ ಹೋಗುತ್ತೆ." ಅವಳು ಬಿಡ್ತಾಳಾ? "ನಿನ್ನ ಮಾನ ಮಗಳಿಂದ ಹೋಗಲ್ಲ, ನಿನ್ನ ಬಾಯಿಂದ ಹೋಗುತ್ತೆ" ಅಂದಳು. ಅವನು ಲೋಟ ಎತ್ತಿ ಕುಕ್ಕಿದ. ಟಣ್! ಆಮೇಲೆ ಅವಳು ಮೂಗು ಸೊರಕ್ ಅಂತ ಏರಿಸಿ, "ಹೋಗೋದಾದ್ರೆ ಹೋಗು, ಬಾಗಿಲು ಹಾಕ್ಕೊಂಡು ಹೋಗು" ಅಂದಳು...

ಏನು, ಹಾಗೆ ನೋಡ್ತೀರಿ?

ಹೇಗೆ ಗೊತ್ತು ಅಂತಾನಾ? ಕೇಳಿಸ್ತು. ಗೋಡೆ ಆಚೆಯಿಂದ... ಯಾಕೆ ಎದ್ರಿ? ಗೋಡೆ ಏನು ತಟ್ಟಿ ನೋಡ್ತೀರಿ! ಹೌದಪ್ಪಾ ಹೌದು, ಮಧ್ಯೆ ಮೆಟ್ಟಿಲಿದೆ. ಹೌದು, ಆ ಕಡೆ ಮನೆ ಅಡಿಗೆಕೋಣೆ ಹಿಂದಕ್ಕಿದೆ. ನೀವು ಟೀಚರೋ ಪೊಲೀಸೋ? ಕೂತ್ಕೊಳ್ಳಿ.

ಸರಿ. ಹೇಳ್ತೀನಿ. ಆದ್ರೆ ಆ ಪುಸ್ತಕ ಮುಚ್ಚಿ.

ಅವಳೇ ಹೇಳಿದ್ದು. ಅವಳೇ ಅಂದ್ರೆ... ಆ ಹುಡುಗಿ.

ಹ್ಞಾಂ, ಆಗ್ಲೇ ಮಾತು ಬರಲ್ಲ ಅಂದೆ, ನೆನಪಿದೆ, ನನಗೇನು ಅರಳುಮರುಳಾ? ಮಾತು ಬರಲ್ಲ. ನಿಮ್ಮ ಹಾಗೆ ನನ್ನ ಹಾಗೆ ಬರಲ್ಲ. "ಹಸಿವು" ಅನ್ನಲ್ಲ, "ಬಾ" ಅನ್ನಲ್ಲ. ಆದ್ರೆ ಕೇಳಿದ್ದನ್ನ ಕೇಳಿದ ಹಾಗೇ ವಾಪಸ್ ಬಿಡ್ತಾಳೆ. ರೇಡಿಯೋ ಕಣಮ್ಮ! ನಾನು ಕರೀತಿದ್ದದ್ದೇ ಹಾಗೆ, "ನನ್ನ ರೇಡಿಯೋ" ಅಂತ. ಬೆಳಿಗ್ಗೆ ಆ ಮನೇಲಿ ಆಡಿದ್ದು ಮಧ್ಯಾಹ್ನ ಈ ಮಂಚದ ಮೇಲೆ, ಗಂಡನ ದನಿ ಗಂಡನದ್ದೇ, ಹೆಂಡತಿ ದನಿ ಹೆಂಡತಿದೇ. ಕಣ್ಣು ಮುಚ್ಕೊಂಡ್ರೆ ಇಬ್ಬರೂ ಇಲ್ಲೇ ನಿಂತು ಕಚ್ಚಾಡ್ತಿದ್ದಾರೆ ಅನ್ನಬೇಕು! ಆ ಟಣ್ ಅನ್ನೋದೂ, ಮೂಗಿನ ಸೊರಕ್ಕೂ, ಒಂದೂ ಬಿಡ್ತಿರಲಿಲ್ಲ. ಒಂದು ಅಕ್ಷರ ಹಿಂದೆ ಮುಂದೆ ಇಲ್ಲ. ಹದಿನೈದು ದಿನದ ಹಿಂದಿನದ್ದು ಕೇಳಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೀತಾಳೆ! ಎಂಥ ತಲೆ ಅಂತೀರಿ! ನಮ್ಮನೇಲಿ ಆರು ಮಕ್ಕಳು ಬೆಳೆದ್ವು, ಒಂದಕ್ಕೂ ಅದರ ಕಾಲು ಭಾಗ...

ಏ, ಏನ್ ಬರ್ಕೊಂಡ್ರಿ? ತೋರಿಸಿ. ನನಗೆ ಓದೋಕೆ ಬರಲ್ಲ ಅಂತ ತೋರಿಸ್ತೀರಾ! ನಾನು ಅವಳನ್ನ ಹೊಗಳ್ಲಿಲ್ಲ, ಕೇಳಿಸ್ಕೊಳ್ಳಿ. ಕಲಿಯೋಕೆ ಬರಲ್ಲ ಅಂತ ಬರೀರಿ. ಗಿಣಿ ಮಾತು ಅಂತ ಬರೀರಿ. ಆ ಪೆನ್ನು ಕೊಡಿ ಇಲ್ಲಿ... ಹೋಗ್ಲಿ.

ನನ್ನ ಹತ್ರ ಯಾಕೆ ಇದ್ದಳು ಅಂದ್ರೆ, ನಾನೇ ನೋಡ್ಕೋತಿದ್ದೆ. ಬೆಳಿಗ್ಗೆ ಎಂಟಕ್ಕೆ ಬಿಟ್ಟು ಹೋದ್ರೆ ಸಂಜೆ ಐದು. ಒಂದೂವರೆ ವರ್ಷ! ಪುಕ್ಕಟೆ, ಒಂದು ಲೋಟ ಟೀ ಸಹ ಅವಳ ಮನೇದು ಕುಡೀಲಿಲ್ಲ. ಮೊದಲು ಆರು ತಿಂಗಳು ಗೋಡೆ ಜೊತೆ ಕೂತ ಹಾಗಿತ್ತು. ಆಮೇಲೆ ಒಂದು ದಿನ ಕಿಟಕಿ ಹತ್ರ ನಿಂತು, ಲಾಂಡ್ರಿ ದಾರಿ ನೋಡ್ತಾ, "ಬೇಗ ಬಂದುಬಿಡ್ತೀನಿ ಕಂದ, ಅಳಬಾರದು, ಆಯ್ತಾ" ಅಂದಳು. ತಾಯಿ ದನೀಲಿ! ಅವಳು ದಿನಾ ಬಾಗಿಲಲ್ಲಿ ಹೇಳಿ ಹೋಗ್ತಿದ್ದ ಮಾತು. ಲಾಂಡ್ರಿಯವಳು ವಾಪಸ್ ಬಂದಳೇನೋ ಅಂತ ಬಾಗಿಲು ತೆಗೆದು ನೋಡಿದೆ. ಅದೇ ಮೊದಲನೇ ಮಾತು.

ಆಮೇಲೆ ಕೇಳ್ತೀರಾ! ಬಿಸ್ಕತ್ತು ಡಬ್ಬಿ ತೆಗೆದು ಮುಂದೆ ಇಟ್ರೆ ಸಾಕು. ಊರಿನ ಸುದ್ದಿಗೆ ನಾನು ಮೂರು ಮಹಡಿ ಇಳಿದು ನಲ್ಲಿ ಹತ್ರ ಕಾಯ್ಬೇಕಿತ್ತು, ಈಗ ಸುದ್ದಿ ತಾನಾಗೇ ನಡ್ಕೊಂಡು ಬಂದು ನನ್ನ ತೊಡೆ ಮೇಲೆ ಕೂರ್ತಿತ್ತು. ನಾನೂ ಸ್ವಲ್ಪ ಉಪ್ಪು ಖಾರ ಹಚ್ಚಿ ಕೆಳಗಿನವರಿಗೆ ಹೇಳಿದೆ ಅನ್ನಿ. ಕ್ಷೌರದಂಗಡಿಯವನ ಹೆಂಡತಿಗೆ ಹೇಳಿದೆ, ಅವಳು ಗಂಡನಿಗೆ ಹೇಳಿದಳು, ಅವನು ಆ ಲಿಫ್ಟಿನವನ ಗಡ್ಡ ಕೆರೀತಾ, "ಏನಪ್ಪಾ, ಮದುವೆಗೆ ಮಗಳನ್ನ ಕರ್ಕೊಂಡು ಹೋಗಲ್ವಂತೆ" ಅಂದ. ಅವನು ಅರ್ಧ ಗಡ್ಡದಲ್ಲಿ ಎದ್ದು ಬಂದ! ಹೆಂಡತಿನೇ ಮನೆ ಮಾತು ಬೀದಿಗೆ ಹಾಕಿದಳು ಅಂತ ಅವನಿಗೆ. ಅವನೇ ಎಲ್ಲೋ ಬೊಗಳಿದ ಅಂತ ಅವಳಿಗೆ. ಬ್ಯಾಗು ಎತ್ಕೊಂಡು ಹೋದ.

ಅದು ನನ್ನ ತಪ್ಪಾ? ನಾನು ಸುಳ್ಳು ಹೇಳಿದ್ನಾ? ಆಡಿದವರು ಅವರು.

ಯಾಕೆ ಪೆನ್ನು ಮುಚ್ಚಿಬಿಟ್ರಿ? ಕೇಳಿ, ಏನು ಬೇಕೋ ಕೇಳಿ...

ಗೊತ್ತಾಯ್ತು. ಅವರಮ್ಮಂಗೆ ಹೇಳಿದ್ರಾ ಅಂತ ತಾನೇ?

ಏನು ಹೇಳ್ಬೇಕಿತ್ತು? ಹೇಳೋಣ ಅಂತಾನೇ ಇದ್ದೆ. ಅವಳು ಕೇಳ್ಬೇಕಲ್ಲ! ಕೇಳ್ಲಿಲ್ಲ ಅವಳು. ಕೇಳಿದ್ರೆ ಹೇಳ್ತಿರಲಿಲ್ವಾ? ...ಹಾಗೆ ದಿಟ್ಟಿಸ್ಬೇಡಿ ಟೀಚರಮ್ಮ. ನಾನು ನಿಮ್ಮ ಕ್ಲಾಸಿನ ಹುಡುಗಿ ಅಲ್ಲ. ನಿಮ್ಮಮ್ಮನಿಗಿಂತ ದೊಡ್ಡವಳು.

ಕೇಳ್ತಿದ್ದಳು. ಆಯ್ತಾ? ದಿನಾ ಕೇಳ್ತಿದ್ದಳು. ಐದು ಗಂಟೆಗೆ ಬಂದು, ಚಪ್ಪಲಿ ಸಹ ಬಿಡದೆ, "ಇವತ್ತು ಏನಾದ್ರೂ ಅಂದಳಾ ಅಜ್ಜಿ?" ಕೈಯೆಲ್ಲಾ ಸೋಪಿಗೆ ಸುಲಿದಿರ್ತಿತ್ತು. "ಇಲ್ಲ ಕಣಮ್ಮ, ಇವತ್ತೂ ಇಲ್ಲ" ಅಂತಿದ್ದೆ. ಹುಡುಗಿ ಅಲ್ಲೇ ನೀಲಿ ಲೋಟ ಹಿಡ್ಕೊಂಡು ನಿಂತಿರ್ತಿದ್ದಳು, ತಾಯಿ ಎದುರಿಗೆ ತುಟಿ ಬಿಚ್ತಿರಲಿಲ್ಲ. ಭಾನುವಾರ ಭಾನುವಾರ ಡಾಕ್ಟರ ಹತ್ರ ಹೊತ್ಕೊಂಡು ಹೋಗ್ತಿದ್ದಳು. ಕಿವಿ ಪರೀಕ್ಷೆ, ತಲೆ ಪರೀಕ್ಷೆ, ನಾಲಿಗೆ ಪರೀಕ್ಷೆ. ನಾನೇ ಬಿಸಿನೀರು ಫ್ಲಾಸ್ಕಿಗೆ ತುಂಬಿಸಿ ಕೊಡ್ತಿದ್ದೆ ದಾರಿಗೆ! ಹೇಳಿಬಿಟ್ರೆ ಏನಾಗ್ತಿತ್ತು ಅಂತ ನಿಮಗೇನು ಗೊತ್ತು? ಮಾರನೇ ದಿನವೇ ಗಂಡ ಹೆಂಡತಿ ಮಗು ಮುಂದೆ ಬಾಯಿ ಮುಚ್ಕೋತಿದ್ರು. ಮಾತು ಬರುತ್ತೆ ಅಂತ ಗೊತ್ತಾದ್ರೆ ಯಾವುದೋ ದೊಡ್ಡ ಸ್ಕೂಲಿಗೆ ಹಾಕ್ತಿದ್ದರು. ನನಗೆ ಯಾರು ಉಳೀತಿದ್ದರು? ಹೇಳಿ! ಎಂಟರಿಂದ ಐದು... ಈ ಮಂಚ, ಈ ಡಬ್ಬಿ.

ಮೂರು ವಾರದ ಹಿಂದೆ ಎಲ್ಲಾ ಹಾಳಾಯ್ತು. ಭಾನುವಾರ ತಲೆ ಬಾಚ್ತಾ ಕೂತಿದ್ದಳಂತೆ ತಾಯಿ. ಹುಡುಗಿ ಇದ್ದಕ್ಕಿದ್ದ ಹಾಗೆ... ನನ್ನ ದನೀಲಿ! ನನ್ನ ಕೆಮ್ಮೂ ಸೇರಿಸಿ! "ಹೇಳೇ ನನ್ನ ರೇಡಿಯೋ, ಬೆಳಿಗ್ಗೆ ಅಪ್ಪ ಏನಂದ? ಹೇಳಿದ್ರೆ ಇನ್ನೊಂದು ಬಿಸ್ಕತ್ತು. ಅಮ್ಮಂಗೆ ಮಾತ್ರ ಹೇಳ್ಬೇಡ, ಆಯ್ತಾ?"

ತಾಯಿಗೇ ಹೇಳಿದ್ದು, ಅಮ್ಮಂಗೆ ಹೇಳ್ಬೇಡ ಅಂತ! ನೀವೂ ನಗ್ತಿಲ್ಲ. ಯಾರೂ ನಗ್ತಿಲ್ಲ ಇದಕ್ಕೆ, ಬಲೇ ಮಜಾ.

ಬಾಚಣಿಗೆ ಕೈಯಲ್ಲೇ ಹಿಡ್ಕೊಂಡು ಬಂದಳು. ಮೆಟ್ಟಿಲ ಮೇಲೆ ಮೂರು ಮಹಡಿ ಜನ ಬಂದು ನಿಂತ್ರು. ಎಷ್ಟು ದಿನದಿಂದ ಅಂತ ಕೇಳಿದಳು, ಒಂದು ವರ್ಷ ಅಂದುಬಿಟ್ಟೆ. ಅವತ್ತಿಂದ ಮಗೂನ ನನ್ನ ಕಣ್ಣಿಗೆ ತೋರಿಸಿಲ್ಲ. ಬಿಡ್ತೀನಾ ನಾನು? ಮನೆ ಮಾಲೀಕನಿಗೆ ಹೇಳಿದೆ, ಮಗು ಕಿರುಚುತ್ತೆ, ನಿದ್ದೆ ಇಲ್ಲ ಅಂತ. ಲಾಂಡ್ರಿ ಮೇಸ್ತ್ರಿ ಹೆಂಡತಿಗೂ ನಾನೇ ಹೇಳಿ ಕಳಿಸಿದ್ದು, ಬಿಸಿ ಇಸ್ತ್ರಿ ಪಕ್ಕ ಮಗು ಕೂರಿಸಿದ್ದಾರೆ, ನಾಳೆ ಹೆಚ್ಚುಕಮ್ಮಿ ಆದ್ರೆ ನಿಮ್ಮ ತಲೆಗೇ ಬರುತ್ತೆ ಅಂತ. ಈಗ ನಿಮ್ಮ ಸೀಟೂ ತಪ್ಪಿಹೋದ್ರೆ ಎಲ್ಲಿಗೆ ಹೋಗ್ತಾಳೆ? ಕೆಲಸ ಬಿಡೋ ಹಾಗಿಲ್ಲ, ಮಗು ಬಿಡೋಕೆ ಜಾಗ ಇಲ್ಲ. ಇದೇ ಬಾಗಿಲಿಗೆ ಬರ್ಬೇಕು! ತಟ್ಟಬೇಕು. ತೆಗೆಯಲ್ಲ ನಾನು. ಮೂರು ದಿನ ತಟ್ಟಿಸ್ತೀನಿ. ನಾಲ್ಕನೇ ದಿನ... ಮಗು ಮುಖ ನೋಡಿ ತೆಗೀಬಹುದು. ಮಗೂಗೋಸ್ಕರ.

ಎಲ್ಲಿಗೆ ಎದ್ರಿ? ಐದು ಆಗ್ಲಿಲ್ಲ ಇನ್ನೂ. ಆ ಮೊದಲನೇ ಮಾತು, ಕಿಟಕಿ ಹತ್ರ ಅಂದದ್ದು... ಅದನ್ನ ಅವಳಿಗೆ ಹೇಳ್ಬೇಡಿ. ಅವಳಿಗೆ ಗೊತ್ತಿಲ್ಲ ಅದು. ಅದೊಂದು ನನ್ನ ಹತ್ರ ಇರ್ಲಿ. ಆಣೆ ಮಾಡಿ... ಯಾಕೆ ಮಾತಾಡಲ್ಲ ನೀವು? ನನ್ನ ತಪ್ಪು ಅಂತಾದ್ರೂ ಅನ್ನಿ! ಬೈದುಬಿಡಿ! ಅವಳೂ ಹೀಗೇ, ಬೈಯಲೇ ಇಲ್ಲ. ಬಾಯಿಗೆ ಬಂದ ಹಾಗೆ ಬೈದಳು ಅಂತ ಊರೆಲ್ಲ ಹೇಳ್ಕೊಂಡು ಬಂದೆ ನಾನು. ಬೈದಿದ್ರೆ ನಾನೂ ನಾಲ್ಕು ಬೈದು ನಿದ್ದೆ ಮಾಡ್ತಿದ್ದೆ.

ಏನಂದಳು ಗೊತ್ತಾ? ಅಷ್ಟು ಜನರ ಮುಂದೆ, ಇಲ್ಲಿ, ಈ ಹೊಸ್ತಿಲಲ್ಲಿ ನಿಂತು, ಮೆಲ್ಲಗೆ, ನನ್ನ ಮುಖ ನೋಡ್ಕೊಂಡು...

"ಅಜ್ಜಿ, ಯಾರ ಮನೆ ಸುದ್ದಿನೂ ನಿಮ್ಮ ಹೊಟ್ಟೇಲಿ ಒಂದು ದಿನ ನಿಲ್ಲಲ್ಲ. ನನ್ನ ಮಗಳಿಗೆ ಮಾತು ಬಂತು ಅನ್ನೋದೊಂದು, ಅದು ಹೇಗೆ ಒಂದು ವರ್ಷ ನಿಂತಿತು?"